ಫುಲ್ ಮೇಲೇ ನಿಂತ ಮುಳ್ಳು

ಗ್ಯಾರೇಜುಗಳ ಸಾಲಿನಲ್ಲಿ ಅವಳನ್ನು ಎಲ್ಲರೂ ಮುಳ್ಳಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕೆ ಎರಡು ಕಾರಣ. ಒಂದು, ಅವಳ ಕಸುಬು. ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ವೇಗದ್ದು, ಬಿಸಿಯದ್ದು, ಪೆಟ್ರೋಲಿನದ್ದು ಎಂದು ದುಂಡಗಿನ ಮೀಟರುಗಳಿರುತ್ತವಲ್ಲ, ಅವುಗಳ ಮುಳ್ಳು ನಿಂತರೆ, ನಡುಗಿದರೆ, ಅಡ್ಡಾದಿಡ್ಡಿ ತಿರುಗಿದರೆ ಸರಿಮಾಡುವವಳು ಆ ಸಾಲಿನಲ್ಲಿ ಅವಳೊಬ್ಬಳೇ. ಇನ್ನೊಂದು ಕಾರಣ ಅವಳ ಬಾಯಿ. ಐವತ್ತನಾಲ್ಕು ವರ್ಷದಲ್ಲಿ ಆ ಬಾಯಿಂದ ಯಾರ ಬಗ್ಗೆಯೂ ಒಂದು ಒಳ್ಳೆಯ ಮಾತು ಬಂದದ್ದನ್ನು ಕೇಳಿದವರಿರಲಿಲ್ಲ. ಈ ಎರಡನೆಯ ಕಾರಣವನ್ನು ಅವಳೆದುರು ಯಾರೂ ಹೇಳುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಗೊತ್ತಿದ್ದು, ಒಳಗೊಳಗೇ ಖುಷಿಪಡುತ್ತಿದ್ದಳು.

ಅಂಗಡಿ ಅಪ್ಪನದು. ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಅಪ್ಪನ ಹೆಸರು, ಅದರ ಕೆಳಗೆ ಸಣ್ಣದಾಗಿ ‘ಮತ್ತು ಮಗ’. ಮಗ ಎಂದರೆ ಮುಳ್ಳಕ್ಕನ ಅಣ್ಣ. ಅವನು ಮುಂದಿನ ಕೋಣೆಯಲ್ಲಿ ಗಾಜಿನ ಮೇಜಿನ ಹಿಂದೆ, ಫೋನಿನ ಪಕ್ಕ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದ. ಮುಳ್ಳಕ್ಕ ಕೂರುತ್ತಿದ್ದುದು ಹಿಂದಿನ ಕೋಣೆಯಲ್ಲಿ. ಅಲ್ಲಿ ಒಂದು ಕಿಟಕಿ, ಕಿಟಕಿಯಾಚೆ ಮೂರು ಅಡಿ ದೂರಕ್ಕೆ ಪಕ್ಕದವರ ಗೋಡೆ. ಒಂದು ಉದ್ದ ಬೆಂಚು, ಬಾಗುವ ಕತ್ತಿನ ದೀಪ, ಅಪ್ಪ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿ, ಔಷಧಿ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗುಗಳು.

ಚಿಕ್ಕವರಿದ್ದಾಗ ಅಪ್ಪ ಇಬ್ಬರನ್ನೂ ಬೆಂಚಿನ ಮುಂದೆ ಕೂರಿಸಿದ್ದ. ಮೊದಲ ವಾರದಲ್ಲೇ ಅಣ್ಣ ಒಂಬತ್ತು ಸ್ಪ್ರಿಂಗು ಮುರಿದ. ತಂಗಿ ಒಂದನ್ನೂ ಮುರಿಯಲಿಲ್ಲ. ಅಪ್ಪ ಒಂದಿಷ್ಟು ದಿನ ಯೋಚಿಸಿ, ಅಂಗಡಿಯ ಮುಂದಿನ ಕೋಣೆಯನ್ನು ಸ್ಪ್ರಿಂಗು ಮುರಿದವನಿಗೆ ಕೊಟ್ಟ. ‘ಗಿರಾಕಿಗಳ ಹತ್ರ ಮಾತಾಡೋಕೆ ಒಬ್ರು ಬೇಕಲ್ಲಮ್ಮ’ ಎಂದ. ಅಪ್ಪನನ್ನು ಮುಳ್ಳಕ್ಕ ತುಂಬ ಗೌರವಿಸುತ್ತಿದ್ದಳು, ಆದರೆ ಆ ಒಂದು ಮಾತಿಗೆ ಅವನು ತೀರಿಕೊಂಡ ಮೇಲೂ ಕ್ಷಮಿಸಿರಲಿಲ್ಲ.

ಮದುವೆಗೆಂದು ಒಂದೆರಡು ಸಂಬಂಧ ಬಂದಿದ್ದವು. ಮೊದಲನೆಯವನ ಕೈಗಡಿಯಾರ ಹನ್ನೊಂದು ನಿಮಿಷ ಹಿಂದಿತ್ತು. ‘ಹೌದಾ? ನಾನು ನೋಡೇ ಇಲ್ಲ’ ಎಂದು ಅವನು ನಕ್ಕ. ಅಲ್ಲಿಗೆ ಅವನ ಕಥೆ ಮುಗಿಯಿತು. ಎರಡನೆಯವನು ಅವಳ ಉಗುರಿನ ಕರಿಯನ್ನು ನೋಡಿದ. ಅವಳು ಅವನ ಉಗುರು ನೋಡಿದಳು, ಒಂದಿಷ್ಟೂ ಕರಿ ಇರಲಿಲ್ಲ. ಅವನ ಕಥೆಯೂ ಮುಗಿಯಿತು. ಅಣ್ಣ ಮದುವೆಯಾದ. ಅತ್ತಿಗೆ ಒಳ್ಳೆಯವಳು, ಕಡಿಮೆ ಮಾತಿನವಳು. ಅವಳ ಬಗ್ಗೆ ಮುಳ್ಳಕ್ಕನಿಗಿದ್ದ ತಕರಾರು ಒಂದೇ, ಇಂಥವನನ್ನು ಒಪ್ಪಿಕೊಂಡಳಲ್ಲ ಎನ್ನುವುದು.

ಅಣ್ಣನ ಬಾಯಲ್ಲಿ ಒಂದು ಮಾತಿತ್ತು. ಯಾವ ಗಾಡಿ ಬರಲಿ, ಏನೇ ಕೆಟ್ಟಿರಲಿ, ‘ಬದಲಾಯಿಸಿ ನೋಡೋಣ ಬಿಡಿ’ ಎನ್ನುತ್ತಿದ್ದ. ಹಿಂದಿನ ಕೋಣೆಯಲ್ಲಿ ಅದು ಕಿವಿಗೆ ಬಿದ್ದಾಗಲೆಲ್ಲ ಮುಳ್ಳಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ತಂತಿಯ ಈ ತುದಿ ಆ ತುದಿ ಮುಟ್ಟಿ ನೋಡದೆ, ಎಲ್ಲಿ ಕರೆಂಟು ಬರುತ್ತಿದೆ ಎಲ್ಲಿ ನಿಂತಿದೆ ಎಂದು ಕೇಳದೆ, ಒಳ್ಳೆಯ ಸಾಮಾನನ್ನು ಕಿತ್ತೆಸೆದು ಹೊಸದನ್ನು ತುರುಕುವ ಜನ ಅವಳ ಲೆಕ್ಕದಲ್ಲಿ ಮನುಷ್ಯರಲ್ಲೇ ಕೊನೆಯ ದರ್ಜೆಯವರು. ಆ ದರ್ಜೆಯಲ್ಲಿ ಬಹಳ ಜನ ಇದ್ದರು. ಸಾಲಿನ ಮೆಕ್ಯಾನಿಕ್ಕುಗಳಲ್ಲಿ ಮುಕ್ಕಾಲು ಪಾಲು, ಹಲ್ಲಿನ ಡಾಕ್ಟರು, ಮನೆಯ ನಲ್ಲಿ ರಿಪೇರಿಗೆ ಬಂದವನು. ತಲೆಯಾಳು ಮಾತ್ರ ಅಣ್ಣನೇ.

ಸೋಪಿನ ಕಾರ್ಖಾನೆಯ ಲಾರಿ ಅಣ್ಣನ ಕೈಗೆ ಬಂದದ್ದು ಕಾರ್ಖಾನೆಗೆ ಐವತ್ತು ತುಂಬುವ ವರ್ಷ. ಕಾರ್ಖಾನೆ ಕಟ್ಟಿದವನು ಕಾಲವಾಗಿ, ಈಗ ಅವನ ಮಗ ಸಾಹುಕಾರ. ಹುಟ್ಟಿದಂದಿನಿಂದ ಒಂದು ಸೋಪಿನ ಪೆಟ್ಟಿಗೆಯನ್ನೂ ಎತ್ತದ ಈ ಮಹಾನುಭಾವನಿಗೆ ಒಂದು ದಿನ ಇದ್ದಕ್ಕಿದ್ದಂತೆ ಹಳೆಯ ಕಾಲದ ಮೇಲೆ ಪ್ರೀತಿ ಉಕ್ಕಿತು. ಕಾರ್ಖಾನೆಯ ಮೊಟ್ಟಮೊದಲ ಲಾರಿ ಹಿಂದಿನ ಶೆಡ್ಡಿನಲ್ಲಿ ಖಾಲಿ ಡ್ರಮ್ಮುಗಳ ನಡುವೆ ನಿಂತಿತ್ತು. ಉದ್ದ ಮೂತಿ, ದುಂಡು ದೀಪ, ಮರದ ಹಲಗೆಯ ಡೆಕ್ಕು. ಅದನ್ನು ಹೊರಗೆಳೆಸಿ, ಎಂಜಿನ್ನಿಗೆ ಜೀವ ಕೊಡಿಸಿ, ತಿಳಿನೀಲಿ ಬಣ್ಣ ಬಳಿಸಿದ. ಬಳಿದವನು ಎಂಥ ಉತ್ಸಾಹಿ ಎಂದರೆ, ತಳದಲ್ಲಿ ಯಾರ ಕಣ್ಣಿಗೂ ಬೀಳದ ನಟ್ಟು ಬೋಲ್ಟುಗಳಿಗೂ ಮೂರು ಮೂರು ಕೋಟು ಹೊಡೆದಿದ್ದ.

ಮೊದಲ ಸವಾರಿಗೆ ಸಾಹುಕಾರ ತಾನೇ ಸ್ಟೇರಿಂಗ್ ಹಿಡಿದು ಹೊರಟ. ಪೆಟ್ರೋಲ್ ಮೀಟರಿನ ಮುಳ್ಳು ಫುಲ್ ತೋರಿಸುತ್ತಿತ್ತು. ಊರ ನಡುವಿನ ಸೇತುವೆಯ ಮೇಲೆ, ಮುಂದೊಂದು ಬಸ್ಸು ಹಿಂದೆ ಎಂಟು ಬಸ್ಸು ಇರುವಾಗ, ಲಾರಿ ಎರಡು ಸಲ ಕೆಮ್ಮಿ ನಿಂತಿತು. ಟ್ಯಾಂಕು ಬರಿದಾಗಿತ್ತು. ಮುಳ್ಳು ಮಾತ್ರ ಆಗಲೂ ಫುಲ್ ಮೇಲೆಯೇ ಕೂತಿತ್ತು. ಬಸ್ಸುಗಳು ಒಂದಾದ ಮೇಲೊಂದು ಹಾರ್ನ್ ಬಾರಿಸಿದವು. ಸವಾರಿಯ ಚಿತ್ರ ತೆಗೆಯಲು ತಾನೇ ಕರೆತಂದಿದ್ದ ಫೋಟೋಗ್ರಾಫರ್ ಅದನ್ನೂ ತೆಗೆದ.

ಅಲ್ಲಿಂದ ಲಾರಿ ಮುಳ್ಳಕ್ಕನ ಅಣ್ಣನ ಪಾಲಿಗೆ ಬಂತು. ‘ಬದಲಾಯಿಸಿ ನೋಡೋಣ ಬಿಡಿ ಸಾರ್’ ಎಂದು ಅವನು ಮೀಟರು ಬದಲಾಯಿಸಿದ. ಮುಳ್ಳು ಫುಲ್. ಇನ್ನೊಂದು ಕಂಪನಿಯ ಮೀಟರು ತರಿಸಿ ಹಾಕಿದ. ಫುಲ್. ತಂತಿ ಬದಲಾಯಿಸಿದ. ಮತ್ತೇನೇನೋ ಬದಲಾಯಿಸಿದ. ಮೂರು ವಾರ ಕಳೆದರೂ ಮುಳ್ಳು ಕೂತಲ್ಲಿಂದ ಏಳಲಿಲ್ಲ. ಸಮಾರಂಭಕ್ಕೆ ಹತ್ತು ದಿನ ಉಳಿದಾಗ ಅವನು ಹಿಂದಿನ ಕೋಣೆಯ ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ ನಿಂತ. ಅವನ ಕೈಯಲ್ಲಿ ಎರಡು ಲೋಟ ಚಹಾ ಇತ್ತು. ತಂಗಿಗೆ ಅವನು ತಾನಾಗಿ ಚಹಾ ತಂದುಕೊಟ್ಟು ಯಾವ ಕಾಲವಾಗಿತ್ತೋ.

ಮುಳ್ಳಕ್ಕ ಭೂತಗನ್ನಡಿ ತೆಗೆಯಲೇ ಇಲ್ಲ. “ಏನು ಮುಳುಗಿಸಿದ್ದೀಯ?” ಎಂದಳು.

“ಅದೇ ಕಣೇ, ಆ ಸೋಪಿನ ಲಾರಿ...”

“ಗೊತ್ತು. ಸಾಲಿಗೆಲ್ಲ ಗೊತ್ತು. ಎದುರುಗಡೆ ಪಂಚರ್ ಹಾಕೋನು ದಿನಾ ಬೆಳಿಗ್ಗೆ ‘ನಿಮ್ಮಣ್ಣ ಇವತ್ತೇನು ಬದಲಾಯಿಸ್ದ?’ ಅಂತ ಕೇಳ್ತಾನೆ.”

“ಒಂದ್ಸಲ ಬಂದು ನೋಡೇ.”

“ಯಾಕೆ? ಬದಲಾಯಿಸೋಕೆ ಇನ್ನೇನೂ ಉಳಿದಿಲ್ವಾ? ಸಾಹುಕಾರನ್ನೇ ಬದಲಾಯಿಸಿ ನೋಡು.”

ಅಣ್ಣ ಚಹಾ ಲೋಟವನ್ನು ಬೆಂಚಿನ ತುದಿಯಲ್ಲಿಟ್ಟ. “ಆಯ್ತು, ಬೈಯಿ. ಆದ್ರೆ ಬಾ. ನಾನು ಏನೇನು ಮಾಡಿದೀನಿ ಅಂತ ಹೇಳ್ತೀನಿ ಕೇಳು. ಮೊದಲು ಮೀಟರು, ಆಮೇಲೆ ವೈರು, ಆಮೇಲೆ ಟ್ಯಾಂಕ್ ಹತ್ರ...”

“ಬೇಡಪ್ಪ, ನಿನ್ನ ಪುರಾಣ ಬೇಡ. ಗಾಡಿನೇ ಹೇಳತ್ತೆ.”

ಅವಳು ಚಹಾ ಕುಡಿದು, ಚೀಲಕ್ಕೆ ಟೆಸ್ಟ್ ಲ್ಯಾಂಪು, ಎರಡು ತುಂಡು ತಂತಿ, ಸ್ಪ್ಯಾನರ್, ಎಮರಿ ಪೇಪರ್ ಹಾಕಿಕೊಂಡಳು. ಚೀಲವನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಹೊತ್ತುಕೊಂಡ.

ಕಾರ್ಖಾನೆಯ ಅಂಗಳದಲ್ಲಿ ಸುಣ್ಣ ಮತ್ತು ಸುಗಂಧ ಎರಡೂ ಸೇರಿದ ವಾಸನೆ. ಲಾರಿ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕ ನಿಂತಿದ್ದ. ಹಿಂದೆ ಈ ಲಾರಿಯನ್ನೇ ಇಪ್ಪತ್ತಮೂರು ವರ್ಷ ಓಡಿಸಿದವನು. ಸಮಾರಂಭದಲ್ಲಿ ಫೋಟೋಕ್ಕೆ ಚಂದ ಕಾಣಲಿ ಎಂದು ಸಾಹುಕಾರ ಅವನನ್ನು ಮನೆಯಿಂದ ಹುಡುಕಿಸಿ ತಂದು, ಹಿತ್ತಾಳೆ ಗುಂಡಿಯ ಕೋಟು ತೊಡಿಸಿ ನಿಲ್ಲಿಸಿದ್ದ. ಕೋಟು ಅವನಿಗಿಂತ ಎರಡು ಅಳತೆ ದೊಡ್ಡದು. ಕೈಯಲ್ಲಿ ಮೊಳದುದ್ದದ ಮರದ ಕಡ್ಡಿ, ಕಡ್ಡಿಯ ಮೇಲೆ ಚಾಕುವಿನಿಂದ ಕೊರೆದ ಗೀಟುಗಳು.

“ಇದೇನಪ್ಪಾ ಮಂತ್ರದಂಡ?” ಎಂದಳು ಮುಳ್ಳಕ್ಕ.

“ಟ್ಯಾಂಕಿಗೆ ಬಿಟ್ಟು ನೋಡೋದು ತಾಯಿ. ಒಂದೊಂದು ಗೀಟಿಗೆ ಐದೈದು ಲೀಟರು.”

ಮುಳ್ಳಕ್ಕ ಮೂಗು ಮುರಿದಳು. ಮೀಟರಿನಂಥ ನಾಜೂಕಿನ ವಸ್ತು ಲೋಕದಲ್ಲಿ ಇರುವಾಗ ಕಡ್ಡಿ ಅದ್ದಿ ನೋಡುವವರ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಆದರೂ ಕೇಳಿದಳು. “ನೀವು ಓಡಿಸೋವಾಗ ಮುಳ್ಳು ಸರಿ ಇತ್ತಾ?”

“ಸರಿಯಾಗೇ ಇತ್ತು. ಬಣ್ಣ ಹೊಡೆಯೋಕೆ ಮುಂಚೆ ಶೆಡ್ಡಿಂದ ತೆಗೆದಾಗ್ಲೂ ಸರಿ ಇತ್ತು. ಆಮೇಲೇ ಹಿಂಗಾಗಿದ್ದು.”

“ಇದನ್ನ ಇವನಿಗೆ ಹೇಳಿದ್ರಾ?” ಎಂದು ಅಣ್ಣನನ್ನು ಗದ್ದದಿಂದಲೇ ತೋರಿಸಿದಳು.

“ಕೇಳ್ಲಿಲ್ಲ ತಾಯಿ.”

ಮುಳ್ಳಕ್ಕ ಅಣ್ಣನನ್ನು ನೋಡಿದ ನೋಟಕ್ಕೆ ಅವನು ಚೀಲದ ಹಿಡಿ ಸರಿಪಡಿಸಿಕೊಳ್ಳುವವನಂತೆ ತಲೆ ತಗ್ಗಿಸಿದ.

ಟ್ಯಾಂಕು ಇದ್ದದ್ದು ಡೆಕ್ಕಿನ ಕೆಳಗೆ, ಚಾಸಿಯ ಎಂದರೆ ಲಾರಿಯ ಕಬ್ಬಿಣದ ಅಡಿಚೌಕಟ್ಟಿನ ಪಕ್ಕಕ್ಕೆ, ಎರಡು ಕಬ್ಬಿಣದ ಪಟ್ಟಿಗಳ ಬಿಗಿತದಲ್ಲಿ. ಮುಳ್ಳಕ್ಕ ಗೋಣಿ ಹಾಸಿಕೊಂಡು ಅಡಿಗೆ ತೂರಿದಳು. ಟ್ಯಾಂಕಿನ ನೆತ್ತಿಯ ಮೇಲೆ, ಹಲಗೆಗೂ ಅದಕ್ಕೂ ನಡುವಿನ ಸಂದಿಯಲ್ಲಿ, ಟ್ಯಾಂಕ್ ಯೂನಿಟ್ಟಿನ ಮುಚ್ಚಳ ಕೈಗೆ ಸಿಕ್ಕಿತು. ಪೆಟ್ರೋಲಿನ ಮೇಲೆ ತೇಲುವ ಸಣ್ಣ ಡಬ್ಬಿ, ಅದನ್ನು ಹಿಡಿದ ಕಂಬಿ, ಕಂಬಿ ಏರಿ ಇಳಿದಂತೆ ಮೀಟರಿಗೆ ಸುದ್ದಿ ಮುಟ್ಟಿಸುವ ಸಾಧನ, ಎಲ್ಲ ಸೇರಿ ಯೂನಿಟ್ಟು. ಕಣ್ಣಿಗೆ ಕಾಣುವಂತಿರಲಿಲ್ಲ, ಬೆರಳಿಂದಲೇ ಹುಡುಕಬೇಕು. ಸ್ಕ್ರೂಗಳು ಹೊಸವು ಎಂದು ಬೆರಳಿಗೆ ಗೊತ್ತಾಯಿತು. ಅದರ ಬಗ್ಗೆ ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅಣ್ಣನ ದಡ್ಡತನದ ಬಗ್ಗೆ ಯೋಚಿಸುವುದರಲ್ಲೇ ಅವಳ ತಲೆ ತುಂಬಿತ್ತು.

ಯೂನಿಟ್ಟಿನಿಂದ ತಂತಿ ಬಿಚ್ಚಿದಳು. ಚಾಸಿಯ ಒಂದು ಮೂಲೆಯಲ್ಲಿ ಬಣ್ಣ ಕೆರೆದು, ಬರೀ ಕಬ್ಬಿಣಕ್ಕೆ ತಂತಿ ಮುಟ್ಟಿಸಿ ಕೂಗಿದಳು. “ಮುಳ್ಳು ಏನನ್ನತ್ತೆ?”

“ಬಿತ್ತು! ಖಾಲಿಗೆ ಬಿತ್ತು!” ಎಂದ ಅಣ್ಣ, ಕ್ಯಾಬಿನ್ನಿನಿಂದ.

“ಅಂದ್ರೆ ಮೀಟರು ಸರಿ ಇದೆ, ವೈರು ಸರಿ ಇದೆ. ನೀನು ಕಿತ್ತೆಸೆದ ಎರಡು ಮೀಟರೂ ಸರಿ ಇದ್ವು. ಕೇಳಿಸ್ತಾ?”

ಅಣ್ಣನಿಗೆ ಕೇಳಿಸಿತು. ಅಂಗಳದ ಆಚೆ ಪೆಟ್ಟಿಗೆ ತುಂಬುತ್ತಿದ್ದ ಹೆಂಗಸರಿಗೂ ಕೇಳಿಸಿತು.

ತಂತಿಯನ್ನು ಯೂನಿಟ್ಟಿಗೆ ಮತ್ತೆ ಸಿಕ್ಕಿಸಿ, ಇನ್ನೊಂದು ತುಂಡು ತಂತಿಯಿಂದ ಟ್ಯಾಂಕಿನ ಮೈಗೂ ಚಾಸಿಗೂ ಸಂಪರ್ಕ ಕೊಟ್ಟಳು. ಮುಳ್ಳು ಫುಲ್ ಬಿಟ್ಟು ಇಳಿದು ಅರ್ಧದ ಹತ್ತಿರ ನಿಂತಿತು. ಅಷ್ಟೇ. ಮೂರು ವಾರದ ಗುಟ್ಟು ಎರಡು ಇಂಚಿನ ತಂತಿಯಲ್ಲಿ ಬಯಲಾಯಿತು. ಬ್ಯಾಟರಿಯಿಂದ ಹೊರಟ ಕರೆಂಟು ಮೀಟರು ದಾಟಿ ಯೂನಿಟ್ಟಿಗೆ ಬಂದು, ಟ್ಯಾಂಕಿನ ಮೈಯಿಂದ ಚಾಸಿಗೆ ಇಳಿದು ಹಿಂದಕ್ಕೆ ಹೋಗಬೇಕು. ಬಣ್ಣದವನು ಪಟ್ಟಿ, ಬೋಲ್ಟು, ಟ್ಯಾಂಕು ಎಲ್ಲಕ್ಕೂ ದಪ್ಪಗೆ ಬಳಿದು, ಪಟ್ಟಿಯ ಅಡಿಗೆ ಹೊಸ ರಬ್ಬರನ್ನೂ ಇಟ್ಟು ಆ ದಾರಿಯನ್ನು ಮುಚ್ಚಿಬಿಟ್ಟಿದ್ದ. ದಾರಿ ಮುಚ್ಚಿದರೆ ಈ ಜಾತಿಯ ಮೀಟರಿನ ಮುಳ್ಳು ಫುಲ್ ಮೇಲೆ ಹೋಗಿ ಕೂತುಬಿಡುತ್ತದೆ.

ಅವಳು ಪಟ್ಟಿಯ ಬೋಲ್ಟಿನ ಸುತ್ತ ಎಮರಿ ಪೇಪರ್ ಹಾಕಿ ಬಣ್ಣ ಉಜ್ಜತೊಡಗಿದಾಗ ಸಾಹುಕಾರ ಓಡಿಬಂದ.

“ಅಯ್ಯೋ, ಅಯ್ಯೋ! ಏನ್ ಮಾಡ್ತಿದೀರಮ್ಮ? ಮೂರು ಕೋಟ್ ಬಣ್ಣ ಅದು!”

“ಗೊತ್ತು. ಆ ಮೂರು ಕೋಟೇ ನಿಮ್ಮನ್ನ ಸೇತುವೆ ಮೇಲೆ ನಿಲ್ಲಿಸಿದ್ದು.”

“ಕಾಣೋ ಜಾಗ...”

“ಯಾರಿಗೆ ಕಾಣತ್ತೆ? ನಿಮ್ಮ ಅತಿಥಿಗಳು ನೆಲದ ಮೇಲೆ ಮಲಗಿ ನೋಡ್ತಾರಾ?” ಎಂದು ಉಜ್ಜುತ್ತಲೇ ಇದ್ದಳು.

ಹೊಸ ತಂತಿಯ ತುದಿಗಳಿಗೆ ಬೋಲ್ಟು ತೂರುವಂಥ ಸಣ್ಣ ಬಳೆ ಬೆಸೆದು, ಬೋಲ್ಟಿನ ಕೆಳಗೆ ಬಿಗಿದು, ಹೊರಗೆ ಬಂದಳು. ಟ್ಯಾಂಕು ತುಂಬಿಸಿದರು. ಮುಳ್ಳು ನಿಧಾನವಾಗಿ ಏರಿ ಫುಲ್ ಮುಟ್ಟಿತು. ಸಾಹುಕಾರನ ಮುಖ ಅರಳಿತು. ಮುದುಕ ಕಡ್ಡಿ ಹಿಡಿದು ಹತ್ತಿರ ಬಂದ. “ಖಾಲಿ ಮಾಡ್ತಾ ಒಂದ್ಸಲ ಇಳಿಸಿ ನೋಡೋಣ್ವಾ ತಾಯಿ? ಕಡ್ಡಿಗೆ ಹೊಂದತ್ತಾ ಅಂತ.”

“ಬೇಕಾಗಿಲ್ಲ ಡ್ರೈವರಣ್ಣ. ನನ್ನ ಕೈ ಬಿದ್ದ ಮೇಲೆ ಕಡ್ಡಿ ಒಲೆಗೆ ಹಾಕಿ.” ಸಾಹುಕಾರನ ಕಡೆ ತಿರುಗಿ ಹೇಳಿದಳು, “ಮುಳ್ಳು ಕಾಲು ಭಾಗ ತೋರಿಸೋವಾಗ ಗಾಡಿ ಏನಾದ್ರೂ ನಿಂತ್ರೆ, ಬಂದು ನನ್ನ ಕಿವಿ ಹಿಂಡಿ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅಣ್ಣನನ್ನು ಬಿಡಿಸಿ ಬಿಡಿಸಿ ಬೈದಳು. ಆ ಸಂಜೆ ಅವಳ ಹಸಿವು ಚೆನ್ನಾಗಿತ್ತು. ಬಡಿಸಿದ್ದನ್ನೆಲ್ಲ ತಿಂದು ಇನ್ನಷ್ಟು ಹಾಕಿಸಿಕೊಂಡಳು. ಅತ್ತಿಗೆ ಗಂಡನ ಮುಖ ನೋಡಿ ಅವನ ತಟ್ಟೆಗೂ ಇನ್ನೊಂದು ಸೌಟು ಹಾಕಿದಳು.

ಲಾರಿ ನಿಂತದ್ದು ಆರನೆಯ ದಿನ. ಸಮಾರಂಭದ ಅಭ್ಯಾಸಕ್ಕೆಂದು ಸಾಹುಕಾರ ಅದನ್ನು ದಿನವೂ ಊರು ಸುತ್ತಿಸುತ್ತಿದ್ದ. ಅಂದು ವಾಪಸ್ ಬರುವಾಗ, ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ, ಕಾರ್ಖಾನೆಯ ಗೇಟಿನ ನಟ್ಟನಡುವೆ ಎಂಜಿನ್ನು ಕೆಮ್ಮಿ ತಣ್ಣಗಾಯಿತು. ಮುನ್ನೂರು ಜನ ಕೆಲಸಗಾರರು ಲಾರಿಗೂ ಗೇಟಿನ ಕಂಬಕ್ಕೂ ನಡುವಿನ ಸಂದಿಯಲ್ಲಿ ಒಬ್ಬೊಬ್ಬರಾಗಿ, ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡವಾಗಿ ದಾಟಿದರು. ದಪ್ಪಗಿದ್ದ ಕೆಲವರು ಕ್ಯಾಬಿನ್ನು ಹತ್ತಿ ಆ ಕಡೆ ಇಳಿದರು, ಸಾಹುಕಾರನ ತೊಡೆ ದಾಟಿ. ಮುಳ್ಳು ಕಾಲು ಭಾಗ ತೋರಿಸುತ್ತಿತ್ತು.

ಫೋನು ಎತ್ತಿದ್ದು ಅಣ್ಣ. ‘ಹೂಂ ಸಾರ್, ಹೂಂ ಸಾರ್’ ಎಂದು ಐದು ನಿಮಿಷ ಕೇಳಿದ. ಹಿಂದಿನ ಕೋಣೆಯಲ್ಲಿ ಮುಳ್ಳಕ್ಕನ ಕೈಯಲ್ಲಿದ್ದ ಚಿಮಟ ನಿಂತಿತು. ಅಣ್ಣ ಬಾಗಿಲಿಗೆ ಬಂದ. ಅವನು ಹಲ್ಲು ಕಿರಿಯುತ್ತಾನೆ ಎಂದು ಅವಳು ಕಾದಳು. ಕಿರಿದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಲಾರಿ ನಿಂತಿದೆಯಂತೆ. ಮುಳ್ಳು ಕಾಲಲ್ಲಿದೆಯಂತೆ” ಎಂದ.

“ಸುಳ್ಳು.”

“ಅವತ್ತೇ ಹೇಳೋಕೆ ಬಂದೆ ಕಣೇ. ಟ್ಯಾಂಕ್ ಯೂನಿಟ್ಟೂ ಬದಲಾಯಿಸಿದೀನಿ ಅಂತ. ಅದೇ ಮಾದರಿ ಸಿಗ್ಲಿಲ್ಲ, ಹತ್ತಿರದ್ದು ಹಾಕ್ದೆ.”

ಮುಳ್ಳಕ್ಕ ಭೂತಗನ್ನಡಿ ತೆಗೆದಳು. “ಹತ್ತಿರದ್ದು ಅಂದ್ರೆ?”

“ಇದಕ್ಕಿಂತ ಸ್ವಲ್ಪ ಆಳದ ಟ್ಯಾಂಕಿನದ್ದು.”

ಅವಳಿಗೆ ಎಲ್ಲ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆಳದ ಟ್ಯಾಂಕಿನ ಯೂನಿಟ್ಟಿಗೆ ಕಂಬಿ ಉದ್ದ. ಆ ಕಂಬಿ ಪೂರ್ತಿ ಇಳಿಯುವ ಮೊದಲೇ ತೇಲುವ ಡಬ್ಬಿ ಈ ಟ್ಯಾಂಕಿನ ತಳಕ್ಕೆ ತಗುಲಿ ಕೂತುಬಿಡುತ್ತದೆ. ಪೆಟ್ರೋಲು ಹನಿ ಇಲ್ಲದಿದ್ದರೂ ಮುಳ್ಳು ಕಾಲು ಭಾಗದಿಂದ ಕೆಳಗಿಳಿಯುವುದಿಲ್ಲ. ಹೊಸ ಸ್ಕ್ರೂಗಳು ಬೆರಳಿಗೆ ಸಿಕ್ಕಿದ್ದವು. ಅಣ್ಣ ಹೇಳಲು ಬಾಯಿ ತೆರೆದಿದ್ದ. ಮುದುಕ ಇಳಿಸಿ ನೋಡೋಣ ಎಂದಿದ್ದ. ಮೂರನ್ನೂ ತಳ್ಳಿಹಾಕಿ, ಪರೀಕ್ಷೆ ಮಾಡದೆ, ಅರ್ಧ ಕೆಲಸಕ್ಕೆ ಪೂರ್ತಿ ಜಂಬ ಕೊಚ್ಚಿಕೊಂಡು ಬಂದವಳು ತಾನು. ಕೊನೆಯ ದರ್ಜೆಯವರ ಪಟ್ಟಿಗೆ ಹೊಸ ಹೆಸರು ಸೇರಿತು.

ಆದರೂ ಬಾಯಿ ಬಾಗಲಿಲ್ಲ. “ಹತ್ತಿರದ್ದು ಹಾಕಿದಾನಂತೆ! ನಿನ್ನ ಕಾಲಿಗೆ ಹತ್ತಿರದ ಅಳತೆ ಚಪ್ಪಲಿ ಹಾಕ್ಕೊಂಡು ನಡಿತೀಯಾ?” ಎಂದಳು. ದನಿಯಲ್ಲಿ ಹುರುಪಿರಲಿಲ್ಲ. ಅಣ್ಣನಿಗೂ ಅದು ತಿಳಿಯಿತು. ಅವನು ಚೀಲ ತಂದು ಬೆಂಚಿನ ಮೇಲಿಟ್ಟು, ಅವಳು ಸಾಮಾನು ತುಂಬುವುದನ್ನು ಕಾಯುತ್ತ ನಿಂತ. ಅದೇ ಅವಳಿಗೆ ತಡೆಯಲಾಗಲಿಲ್ಲ.

“ಹಳೇ ಯೂನಿಟ್ಟು ಎಲ್ಲಿ?”

“ಗುಜರಿಗೆ ಹೋಯ್ತು.”

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸಾಹುಕಾರ ಸಿಗರೇಟು ಹಚ್ಚಿಕೊಂಡು ಕಾದಿದ್ದ. “ಏನಮ್ಮ, ಕಿವಿ ಹಿಂಡಬಹುದು ಅಂದಿದ್ರಿ...”

“ಅಂದಿದ್ದೆ. ನಂದೇ ತಪ್ಪು. ಹಿಂಡೋದಿದ್ರೆ ಹಿಂಡಿ. ಆದ್ರೆ ಮೊದಲು ಆ ಸಿಗರೇಟು ಗೇಟಿನಾಚೆ ಸೇದಿ. ಈಗ ಟ್ಯಾಂಕು ಬಿಚ್ತೀವಿ. ಐವತ್ತೊಂದನೇ ವರ್ಷಾನೂ ನೋಡ್ಬೇಕಲ್ವಾ?”

ಸಾಹುಕಾರ ಗೇಟಿನಾಚೆ ಹೋದವನು ಮತ್ತೆ ಇತ್ತ ಬರಲಿಲ್ಲ.

ಆ ದಿನ ಪೂರ್ತಿ ಮೂವರೇ ಕೆಲಸ ಮಾಡಿದರು. ಬ್ಯಾಟರಿ ಕಳಚಿ, ಡೆಕ್ಕಿನ ಎರಡು ಹಲಗೆ ಎಬ್ಬಿಸಿ, ಯೂನಿಟ್ಟು ಹೊರಗೆ ತೆಗೆದರು. ಕಂಬಿ ಟ್ಯಾಂಕಿನ ಆಳಕ್ಕೆ ನಾಲ್ಕು ಬೆರಳು ಹೆಚ್ಚಿತ್ತು. ಮುಳ್ಳಕ್ಕ ಅದನ್ನು ಕತ್ತರಿಸಿ, ಬಗ್ಗಿಸಿ, ಡಬ್ಬಿ ಮತ್ತೆ ಕೂರಿಸಿ, ಒಳಗಿಳಿಸಿದಳು. ಅಣ್ಣ ಅಳತೆಯ ಕ್ಯಾನಿನಿಂದ ಐದೈದು ಲೀಟರು ಸುರಿದ. ಮುದುಕ ಕಡ್ಡಿ ಅದ್ದಿ ಎತ್ತಿ, ಒದ್ದೆಯಾದ ಗೀಟನ್ನು ಗಾಳಿಗೆ ಆರುವ ಮೊದಲು ಓದಿ ಹೇಳಿದ. ಬ್ಯಾಟರಿ ಜೋಡಿಸಿ ಮುಳ್ಳು ನೋಡಬೇಕು, ಕಳಚಬೇಕು, ಮತ್ತೆ ಎಲ್ಲವನ್ನೂ ಬರಿದು ಮಾಡಬೇಕು. ಮೊದಲ ಸಲ ಮುಳ್ಳು ಎಂಟನೇ ಒಂದು ಭಾಗದಲ್ಲಿ ತಡೆಯಿತು. ಎರಡನೇ ಸಲ ಹತ್ತು ಲೀಟರು ಇರುವಾಗಲೇ ಖಾಲಿ ಎಂದಿತು. ಬಗ್ಗಿಸು, ಇಳಿಸು, ಸುರಿ, ಅದ್ದು. ಮಧ್ಯಾಹ್ನದ ಹೊತ್ತಿಗೆ ಮೂವರ ಕೈಯೂ ಪೆಟ್ರೋಲಿಗೆ ಬೆಳ್ಳಗೆ ಸುಕ್ಕಾಗಿತ್ತು.

ಅಣ್ಣ ಸುರಿಯುವುದನ್ನು ಮುಳ್ಳಕ್ಕ ಓರೆಗಣ್ಣಿನಿಂದ ನೋಡುತ್ತಿದ್ದಳು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಕ್ಯಾನಿನ ಗೆರೆಗೆ ಕಣ್ಣು ನೇರ ಮಾಡಿ, ಉಸಿರು ಹಿಡಿದು ಸುರಿಯುತ್ತಿದ್ದ. ಇಷ್ಟು ಜೋಪಾನ ಬರುವವನು ಇಷ್ಟು ವರ್ಷ ಯಾಕೆ ಹಾಗಿದ್ದ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಆರನೇ ಪ್ರಯತ್ನಕ್ಕೆ ಮುಳ್ಳು ಖಾಲಿಯಲ್ಲಿ ಖಾಲಿ ತೋರಿಸಿತು, ಫುಲ್‌ನಲ್ಲಿ ಫುಲ್ ತೋರಿಸಿತು. ನಡುವೆ ಮಾತ್ರ ಮೂರು ನಾಲ್ಕು ಲೀಟರಿನಷ್ಟು ವ್ಯತ್ಯಾಸ ಉಳಿಯಿತು. ಮುಳ್ಳಕ್ಕ ಮತ್ತೆ ಬಿಚ್ಚಲು ಹೊರಟಳು.

“ಸಾಕು ತಾಯಿ” ಎಂದ ಮುದುಕ. “ಖಾಲಿ ಆದಾಗ ಖಾಲಿ ಅಂದ್ರೆ ಸಾಕು. ಅರ್ಧದಲ್ಲಿ ಯಾರೂ ದಾರೀಲಿ ನಿಲ್ಲಲ್ಲ.”

ಅವಳಿಗೆ ಅದು ಸರಿಬರಲಿಲ್ಲ. ಸರಿಬರದಿದ್ದರೂ ಸ್ಪ್ಯಾನರ್ ಕೆಳಗಿಟ್ಟಳು. ಈ ಊರಿನಲ್ಲಿ ಒಬ್ಬ ಮನುಷ್ಯನ ಮಾತಿಗೆ ಅವಳು ಸ್ಪ್ಯಾನರ್ ಕೆಳಗಿಟ್ಟದ್ದು ಅಪ್ಪ ಹೋದ ಮೇಲೆ ಅದೇ ಮೊದಲು.

ಸಮಾರಂಭದ ದಿನ ಸಾಹುಕಾರ ಜನರ ಚಪ್ಪಾಳೆಯ ನಡುವೆ ಗೇಟಿನಿಂದ ವೇದಿಕೆಯವರೆಗೆ, ಅಂದರೆ ಇನ್ನೂರು ಗಜ, ಲಾರಿ ಓಡಿಸಿದ. ಮುದುಕನನ್ನು ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ನಿಲ್ಲಿಸಿದ್ದ, ಬೊಂಬೆಯಂತೆ. ಆಮೇಲೆ ಮೈಕು ಹಿಡಿದು ಮುಕ್ಕಾಲು ಗಂಟೆ ಮಾತಾಡಿದ. ಅಪ್ಪನ ಬೆವರು, ಪರಂಪರೆ, ಪರಿಶ್ರಮ. ನಡುವೆ ಪೆಟ್ರೋಲ್ ಮೀಟರಿನ ಕಥೆಯೂ ಬಂತು. “ದೊಡ್ಡ ದೊಡ್ಡ ಮೆಕ್ಯಾನಿಕ್ಕುಗಳಿಗೇ ಆಗ್ಲಿಲ್ಲ. ಕೊನೆಗೆ ನಾನೇ ಕೂತು ಯೋಚನೆ ಮಾಡ್ದೆ. ಬಣ್ಣ! ಬಣ್ಣದಿಂದ ಅರ್ಥಿಂಗ್ ತಪ್ಪಿರಬೇಕು ಅಂತ ಹೊಳೀತು” ಎಂದ.

ಕೊನೆಯ ಸಾಲಿನಲ್ಲಿದ್ದ ಮುಳ್ಳಕ್ಕ ‘ಹ್ಹ!’ ಎಂದಳು. ಮುಂದಿನ ನಾಲ್ಕು ಸಾಲು ತಿರುಗಿ ನೋಡಿತು. ಅತ್ತಿಗೆ ಅವಳ ಮೊಣಕೈ ಹಿಡಿದುಕೊಂಡಳು. ವೇದಿಕೆಗೆ ಅಣ್ಣನನ್ನು ಕರೆದು, ಸಹಕಾರ ನೀಡಿದ್ದಕ್ಕೆ ಒಂದು ಫಲಕ ಕೊಟ್ಟರು. ಅಣ್ಣ ಮೈಕಿನ ಮುಂದೆ ನಿಂತು, ಬಾಯಿ ತೆರೆದು, ಮುಚ್ಚಿ, ನಮಸ್ಕಾರ ಮಾಡಿ ಇಳಿದುಬಂದ.

“ನಿನ್ನ ಹೆಸರು ಹೇಳೋಣ ಅಂದ್ಕೊಂಡೆ ಕಣೇ. ಬಾಯೇ ಬರ್ಲಿಲ್ಲ.”

“ಇಷ್ಟು ವರ್ಷ ನಿಂಗೆ ಬಂದಿದ್ದು ಬಾಯೊಂದೇ. ಇವತ್ತು ಅದೂ ಕೈಕೊಡ್ತಾ?”

ಅವನು ಫಲಕವನ್ನು ಅವಳತ್ತ ಚಾಚಿದ. ಅವಳು ಅದನ್ನು ತಿರುಗಿಸಿ ನೋಡಿದಳು. ಅಣ್ಣನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಕೆತ್ತಿದ್ದರು. “ನೀನೇ ಇಟ್ಕೋ. ಇದಕ್ಕೆ ನೀನೇ ಸರಿ” ಎಂದು ವಾಪಸ್ ಕೊಟ್ಟಳು.

ಅತಿಥಿಗಳು ಊಟಕ್ಕೆ ಎದ್ದಾಗ ಮ್ಯಾನೇಜರು ಬಂದು, ಲಾರಿಯನ್ನು ಹಿಂದಿನ ಶೆಡ್ಡಿಗೆ ಹಾಕಿಬಿಡಿ, ಕೋಟನ್ನು ಐದು ಗಂಟೆಯೊಳಗೆ ಆಫೀಸಿಗೆ ಒಪ್ಪಿಸಿ ಎಂದು ಮುದುಕನಿಗೆ ಹೇಳಿಹೋದ. ಊಟದ ಸಂಗತಿ ಎತ್ತಲಿಲ್ಲ. ಮುದುಕ ಕೋಟಿನ ತೋಳು ಮೇಲೆ ಸರಿಸಿಕೊಂಡು ಕ್ಯಾಬಿನ್ನು ಹತ್ತಿದ. ಮುಳ್ಳಕ್ಕನೂ ಹತ್ತಿ, ಬೇಕಾದೀತೆಂದು ಅಣ್ಣನ ಕೈಲಿ ಹೊರಿಸಿ ತಂದಿದ್ದ ಸಾಮಾನಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಪಕ್ಕದಲ್ಲಿ ಕೂತಳು. ಅಣ್ಣ ಅತ್ತಿಗೆ ಹಿಂದೆ ಡೆಕ್ಕಿನ ಮೇಲೆ ನಿಂತರು.

“ಶೆಡ್ಡು ಎಡಕ್ಕೆ ಅಲ್ವಾ?” ಎಂದ ಮುದುಕ, ಎಂಜಿನ್ನು ಚಾಲೂ ಮಾಡಿ.

“ಹೌದು. ಬಲಕ್ಕೆ ತಿರುಗಿಸಿ.”

ಮುದುಕ ಅವಳ ಮುಖ ನೋಡಿದ. ಬಲಕ್ಕೆ ತಿರುಗಿಸಿದ. ಗೇಟು ದಾಟಿ, ಗ್ಯಾರೇಜುಗಳ ಸಾಲು ದಾಟಿ ಹೊರಟರು. ಪಂಚರ್ ಹಾಕುವವನು ಎದ್ದು ನಿಂತು ಬಾಯಿ ಬಿಟ್ಟು ನೋಡಿದ. ಸೇತುವೆಯ ಮೇಲೆ ಬಸ್ಸೊಂದು ಹಿಂದಿನಿಂದ ಹಾರ್ನ್ ಮಾಡಿತು. ಮುದುಕ ಗೇರು ಬದಲಿಸಿ ಅದಕ್ಕೆ ಸೈಡು ಕೊಡದೆ, ತನ್ನ ಪಾಡಿಗೆ ತಾನು, ಒಂದೇ ವೇಗದಲ್ಲಿ ಸೇತುವೆ ಮುಗಿಸಿದ. ಆ ಕೈಗಳಿಗೆ ಸ್ಟೇರಿಂಗು ಅಭ್ಯಾಸವಾದ ಬಗೆಯನ್ನು ಮುಳ್ಳಕ್ಕ ನೋಡಿದಳು. ಟೀಕಿಸಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

“ಆ ಭಾಷಣ ಕೇಳಿದ್ರಾ?” ಎಂದಳು.

“ನಂಗೆ ಈ ಕಿವಿ ಕೇಳಲ್ಲ ತಾಯಿ. ಇವತ್ತು ಅದನ್ನೇ ಆ ಕಡೆಗೆ ಮಾಡಿ ನಿಂತಿದ್ದೆ.”

ಮುಳ್ಳಕ್ಕ ನಕ್ಕಳು. ಡೆಕ್ಕಿನ ಮೇಲಿದ್ದ ಅತ್ತಿಗೆಗೆ ಅದು ಕೇಳಿಸಿ, ಯಾರ ನಗು ಎಂದು ತಿಳಿಯದೆ ಗಂಡನ ಮುಖ ನೋಡಿದಳು.

ಊರು ಮುಗಿದು ಹೊಲಗಳು ಶುರುವಾದವು. ಯಾರ ಅಪ್ಪಣೆಯೂ ಇಲ್ಲದೆ ಮೂವತ್ತು ಮೈಲಿ ಹೋಗಿ, ಒಂದು ಮೈಲಿಗಲ್ಲಿನ ಹತ್ತಿರ ನಿಲ್ಲಿಸಿ, ತಿರುಗಿಸಿಕೊಂಡು ಹೊರಟರು. ವಾಪಸ್ ಬರುವಾಗ ಅಣ್ಣ ಹಿಂದಿನಿಂದ ಕಿಟಕಿ ಬಡಿದು, ಅಲ್ಲೊಂದು ಅಂಗಡಿ ಇದೆ, ತಿನ್ನಲು ಏನಾದರೂ ತರಲೇ ಎಂದು ಕೇಳಿದ.

“ತಾ. ಹತ್ತಿರದ್ದು ತರಬೇಡ, ತಿನ್ನೋ ಅಂಥದ್ದು ತಾ” ಎಂದಳು ಮುಳ್ಳಕ್ಕ.

ಶೆಡ್ಡಿಗೆ ಬಂದಾಗ ಐದೂವರೆ. ಮುದುಕ ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಮಡಚಿ ಸೀಟಿನ ಮೇಲಿಟ್ಟ. ಅಣ್ಣ ಡೆಕ್ಕಿನಿಂದ ಇಳಿದು ಹೆಂಡತಿಗೆ ಕೈಕೊಟ್ಟ. ಮುಳ್ಳಕ್ಕ ಬೀಗದ ಕೈಯನ್ನು ಕಾವಲಿನವನಿಗೆ ಕೊಟ್ಟು, “ನಿಮ್ಮ ಸಾಹುಕಾರ ಕೇಳಿದ್ರೆ, ಪರೀಕ್ಷೆಗೆ ತಗೊಂಡು ಹೋಗಿದ್ರು ಅನ್ನು. ಅವತ್ತು ಬಿಟ್ಟಿದ್ದನ್ನ ಇವತ್ತು ಪೂರ್ತಿ ಮಾಡಿದೀವಿ” ಎಂದು ಹೇಳಿ, ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದಳು.